ಮಲೆನಾಡಿನ ಮನೆಗೆ ಸದ್ದಿಲ್ಲದ ಗೇಮಿಂಗ್ ಕಂಪ್ಯೂಟರ್: ಆಯ್ಕೆ, ಜೋಡಣೆ, ಹದಗೊಳಿಸುವಿಕೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ವರ್ಷದ ಬಹುಪಾಲು ರಾತ್ರಿ ಸೀಲಿಂಗ್ ಫ್ಯಾನ್ ಹಾಕುವ ಅಗತ್ಯವೇ ಬೀಳುವುದಿಲ್ಲ. ಮಂಗಳೂರಿನಲ್ಲಿ ಫ್ಯಾನಿನ ಸದ್ದಿನಲ್ಲಿ, ಬೆಂಗಳೂರಿನಲ್ಲಿ ರಸ್ತೆಯ ಗದ್ದಲದಲ್ಲಿ ಮುಚ್ಚಿಹೋಗುವ ಕಂಪ್ಯೂಟರಿನ ಮೊರೆತ ಇಲ್ಲಿ ಮುಚ್ಚಿಹೋಗುವುದಿಲ್ಲ; ಊಟ ಮುಗಿಸಿ ಆಟಕ್ಕೆ ಕುಳಿತರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಅದು ಕೇಳಿಸುತ್ತದೆ. ಆದ್ದರಿಂದ ಈ ಭಾಗದಲ್ಲಿ ಹೊಸದಾಗಿ ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟವರು, ಅಂಗಡಿಯವರು ಕೊಡುವ ಸಿದ್ಧ ಪಟ್ಟಿಗೆ ಒಪ್ಪಿಗೆ ಕೊಡುವ ಮೊದಲೇ ಸದ್ದಿನ ವಿಚಾರವನ್ನು ಪ್ರತ್ಯೇಕವಾಗಿ ಯೋಚಿಸಬೇಕಾಗುತ್ತದೆ.

ಸದ್ದು ಬರುವುದು ಫ್ಯಾನಿನಿಂದ, ಫ್ಯಾನ್ ಜೋರಾಗಿ ತಿರುಗುವುದು ಶಾಖವನ್ನು ಹೊರಹಾಕುವುದಕ್ಕಾಗಿ, ಶಾಖ ಹುಟ್ಟುವುದು ಒಳಗಿನ ಭಾಗಗಳು ಉಣ್ಣುವ ವಿದ್ಯುತ್ತಿನಿಂದ. ಈ ಸರಪಣಿಯ ಕೊನೆಯ ಕೊಂಡಿಯಾದ ಫ್ಯಾನನ್ನು ಮಾತ್ರ ಹಿಡಿದುಕೊಂಡು ದುಬಾರಿ ಬೆಲೆಯ ‘ಸೈಲೆಂಟ್’ ಫ್ಯಾನುಗಳನ್ನು ತಂದು ಹಾಕಿದರೆ ಸಿಗುವ ಲಾಭ ಅಲ್ಪ. ಮೊದಲ ಕೊಂಡಿಯಿಂದ, ಅಂದರೆ ವ್ಯಾಟ್‌ಗಳ ಲೆಕ್ಕದಿಂದ, ಆರಂಭಿಸಿದರೆ ಸಾಧಾರಣ ಬೆಲೆಯ ಫ್ಯಾನುಗಳಿಂದಲೇ ಒಳ್ಳೆಯ ಫಲ ಸಿಗುತ್ತದೆ. ಮುಂದಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ.

ಹಂತ 1: ವ್ಯಾಟ್ ಲೆಕ್ಕದಿಂದ ಆರಂಭ

ಮೊದಲು ಮಾನಿಟರ್ ಯಾವುದೆಂದು ತೀರ್ಮಾನಿಸಿ. 1080ಪಿ (1080 ಸಾಲು ಚುಕ್ಕೆಗಳ) ಪರದೆಯಲ್ಲಿ ಆಡುವವರಿಗೆ ಅದರ ನಾಲ್ಕರಷ್ಟು ಚುಕ್ಕೆಗಳ 4ಕೆ ಪರದೆಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಬೇಡದ ಕಾರ್ಡ್ ಬೇಡದ ಶಾಖವನ್ನೂ ತರುತ್ತದೆ. 1440ಪಿ ಗುಣಮಟ್ಟದ, 144 ಅಥವಾ 165 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಪರದೆ ಇಂದು ಬಹುಮಂದಿಗೆ ಸಾಕಾಗುವ ಹದವಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಒಟ್ಟು ಶಾಖದ ಮೂರನೇ ಎರಡು ಪಾಲು ಗ್ರಾಫಿಕ್ಸ್ ಕಾರ್ಡಿನದೇ ಆಗಿರುವುದರಿಂದ ಅದರ ವ್ಯಾಟ್ ಸಂಖ್ಯೆಯನ್ನು ಬೆಲೆಯಷ್ಟೇ ಗಮನವಿಟ್ಟು ನೋಡಬೇಕು. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ 180 ವ್ಯಾಟ್, ಆರ್‌ಟಿಎಕ್ಸ್ 5070 250 ವ್ಯಾಟ್, ಆರ್‌ಟಿಎಕ್ಸ್ 5070 ಟಿಐ 300 ವ್ಯಾಟ್, ಆರ್‌ಟಿಎಕ್ಸ್ 5090 ಬರೋಬ್ಬರಿ 575 ವ್ಯಾಟ್ ಮಿತಿಯ ಕಾರ್ಡುಗಳು. ಎಎಂಡಿಯ ಆರ್‌ಎಕ್ಸ್ 9070 220 ವ್ಯಾಟ್‌ನದಾದರೆ, ಅದರ ಅಣ್ಣನಾದ ಆರ್‌ಎಕ್ಸ್ 9070 ಎಕ್ಸ್‌ಟಿ 304 ವ್ಯಾಟ್‌ನದು. ಈ ಕೊನೆಯ ಎರಡರ ನಡುವೆ ವಿದ್ಯುತ್ತಿನ ಮಿತಿ ಶೇ. 38ರಷ್ಟು ಏರುತ್ತದೆ, ಆಟದ ವೇಗ ಮಾತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ನಿಶ್ಶಬ್ದವೇ ಗುರಿಯಾದವರಿಗೆ 200ರಿಂದ 250 ವ್ಯಾಟ್‌ವರೆಗಿನ ಕಾರ್ಡುಗಳು ನೆಮ್ಮದಿಯ ಆಯ್ಕೆ. 300 ವ್ಯಾಟ್ ದಾಟಿದ ಮೇಲೆ ಸದ್ದಿಲ್ಲದ ಯಂತ್ರ ಕಟ್ಟುವುದು ಸಾಧ್ಯವೇ ಹೊರತು ಸುಲಭವಲ್ಲ.

ಒಂದೇ ಚಿಪ್ಪನ್ನು ಹತ್ತಾರು ಕಂಪನಿಗಳು ಬೇರೆ ಬೇರೆ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ರೆಕ್ಕೆಗಳು) ಹಾಕಿ ಮಾರುತ್ತವೆ. ಎರಡು ಫ್ಯಾನಿನ ಚಿಕ್ಕ ಮಾದರಿಗಿಂತ ಮೂರು ಫ್ಯಾನಿನ, ಕ್ಯಾಬಿನೆಟ್ಟಿನ ಹಿಂಬದಿಯ ಎರಡೂವರೆ–ಮೂರು ಸ್ಲಾಟುಗಳಷ್ಟು ದಪ್ಪದ ಮಾದರಿಗೆ ಕೆಲವು ಸಾವಿರ ಹೆಚ್ಚು ಕೊಡಬೇಕಾಗಬಹುದು. ಇಡೀ ಕಂಪ್ಯೂಟರಿನಲ್ಲಿ ಸದ್ದಿನ ಮಟ್ಟಿಗೆ ಇಷ್ಟು ಸಾರ್ಥಕವಾದ ಖರ್ಚು ಮತ್ತೊಂದಿಲ್ಲ. ಮದರ್‌ಬೋರ್ಡಿನ ಬಣ್ಣದ ದೀಪಗಳಿಗೆ, ಗಾಜಿನ ಅಲಂಕಾರಕ್ಕೆ ಇಟ್ಟ ಹಣವನ್ನು ಇಲ್ಲಿಗೆ ತಿರುಗಿಸಿ. ಖರೀದಿಸುವ ಮುನ್ನ ಕಾರ್ಡಿನ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ, ಕ್ಯಾಬಿನೆಟ್ ಆರಿಸುವಾಗ ಬೇಕಾಗುತ್ತದೆ.

ಪ್ರೊಸೆಸರ್ ವಿಷಯದಲ್ಲಿ ಈಗ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎಎಂಡಿಯ ರೈಜನ್ 7 7800 ಎಕ್ಸ್3ಡಿ ಮತ್ತು 9800 ಎಕ್ಸ್3ಡಿ 96 ಎಂಬಿಯಷ್ಟು ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಇರುವ ಪ್ರೊಸೆಸರ್‌ಗಳಾದ್ದರಿಂದ, ಹೆಚ್ಚಿನ ವಿದ್ಯುತ್ತು ಸುಡದೆಯೇ ಆಟಗಳಲ್ಲಿ ಬಹಳ ವೇಗವಾಗಿ ಕೆಲಸ ಮಾಡುತ್ತವೆ. ಪೆಟ್ಟಿಗೆಯ ಮೇಲೆ 120 ವ್ಯಾಟ್ ಎಂದಿದ್ದರೂ ಆಟದ ವೇಳೆ ಸಾಮಾನ್ಯವಾಗಿ ಅಷ್ಟನ್ನು ಮುಟ್ಟುವುದಿಲ್ಲ. ಹಣ ಕಡಿಮೆಯಿದ್ದರೆ 65 ವ್ಯಾಟ್‌ನ ರೈಜನ್ 5 7600 ಸಾಕು, ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಇಂಟೆಲ್‌ನ ಐ9 14900ಕೆ ಥರದ, 253 ವ್ಯಾಟ್‌ವರೆಗೆ ಏರಬಲ್ಲ ಪ್ರೊಸೆಸರ್ ಈ ಕೆಲಸಕ್ಕೆ ಹೇಳಿಸಿದ್ದಲ್ಲ.

ಹಂತ 2: ಫ್ಯಾನಿನ ಗಣಿತ

ಇದೊಂದು ಭಾಗವನ್ನು ನಿಧಾನವಾಗಿ ಓದಿಕೊಂಡರೆ ಮುಂದಿನ ಎಲ್ಲ ಆಯ್ಕೆಗಳೂ ತಾವಾಗಿಯೇ ಸ್ಪಷ್ಟವಾಗುತ್ತವೆ. ಫ್ಯಾನ್ ತಳ್ಳುವ ಗಾಳಿಯ ಪ್ರಮಾಣ ಅದರ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಅದು ಹುಟ್ಟಿಸುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸದ್ದು ಇವೆರಡಕ್ಕಿಂತಲೂ ಬಹಳ ಬೇಗ, ಸರಿಸುಮಾರು ವೇಗದ ಐದನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ, ವೇಗವನ್ನು ಅರ್ಧಕ್ಕಿಳಿಸಿದಾಗ ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಇನ್ನೊಂದು ಕಡೆ, ಒಂದೇ ಥರದ ಎರಡು ಫ್ಯಾನುಗಳು ಒಂದೇ ವೇಗದಲ್ಲಿ ಓಡಿದರೆ ಒಂದಕ್ಕಿಂತ ಹೆಚ್ಚಾಗುವುದು 3 ಡೆಸಿಬೆಲ್ ಮಾತ್ರ.

ಈಗ ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಫ್ಯಾನನ್ನು, ನಿಮಿಷಕ್ಕೆ 500 ಸುತ್ತಿನ ಅಂಥದ್ದೇ ಮೂರು ಫ್ಯಾನುಗಳ ಜೊತೆ ಹೋಲಿಸಿ ನೋಡಿ. ತೆರೆದ ಜಾಗದಲ್ಲಿ ಎರಡೂ ಸಾಗಿಸುವ ಗಾಳಿ ಒಂದೇ. ಸದ್ದಿನಲ್ಲಿ ಮಾತ್ರ ವೇಗ ಇಳಿದದ್ದರಿಂದ ಸುಮಾರು 24 ಡೆಸಿಬೆಲ್ ಉಳಿತಾಯ, ಮೂರು ಫ್ಯಾನ್ ಆದದ್ದರಿಂದ ಸುಮಾರು 5 ಡೆಸಿಬೆಲ್ ನಷ್ಟ, ಒಟ್ಟಿನಲ್ಲಿ 19 ಡೆಸಿಬೆಲ್ ಲಾಭ. ಫ್ಯಾನ್ ಹೆಚ್ಚಿದಷ್ಟೂ ಸದ್ದು ಹೆಚ್ಚು ಎಂದು ನಂಬಿ ಒಂದೇ ಫ್ಯಾನಿನಲ್ಲಿ ಕಂಪ್ಯೂಟರ್ ನಡೆಸುವವರು ಗಮನಿಸಬೇಕಾದ ಲೆಕ್ಕ ಇದು. ಗಾತ್ರಕ್ಕೂ ಇದೇ ಮಾತು ಸಲ್ಲುತ್ತದೆ: 140 ಮಿಲಿಮೀಟರ್ ಫ್ಯಾನಿನ ವಿಸ್ತೀರ್ಣ 120 ಮಿಲಿಮೀಟರಿನದಕ್ಕಿಂತ ಶೇ. 36ರಷ್ಟು ಹೆಚ್ಚು, ಆದ್ದರಿಂದ ಅಷ್ಟೇ ಗಾಳಿಗೆ ಅದು ನಿಧಾನವಾಗಿ ತಿರುಗಿದರೂ ನಡೆಯುತ್ತದೆ.

ಇಲ್ಲೊಂದು ತೊಡಕೂ ಇದೆ. ವೇಗ ಮೂರನೇ ಒಂದಕ್ಕೆ ಇಳಿದಾಗ ಒತ್ತಡ ಒಂಬತ್ತನೇ ಒಂದಕ್ಕೆ ಕುಸಿಯುತ್ತದೆ. ಮುಂಭಾಗ ಗಾಜಿನಿಂದಲೋ ದಪ್ಪ ಪ್ಲಾಸ್ಟಿಕ್ಕಿನಿಂದಲೋ ಮುಚ್ಚಿದ್ದರೆ, ಅಥವಾ ಧೂಳಿನ ಫಿಲ್ಟರ್ ಕಟ್ಟಿಕೊಂಡಿದ್ದರೆ, ನಿಧಾನದ ಫ್ಯಾನಿಗೆ ಆ ತಡೆಯನ್ನು ದಾಟಿ ಗಾಳಿ ಎಳೆಯುವ ಶಕ್ತಿ ಇರುವುದಿಲ್ಲ. ಆಗ ಒಳಗಿನ ಉಷ್ಣತೆ ಏರುತ್ತದೆ, ವೇಗ ಹೆಚ್ಚುತ್ತದೆ, ಸದ್ದು ಮರಳುತ್ತದೆ. ಹಾಗಾಗಿ ಸದ್ದಿಲ್ಲದ ಯಂತ್ರಕ್ಕೆ ಮುಚ್ಚಿದ ಪೆಟ್ಟಿಗೆಗಿಂತ ಗಾಳಿಯಾಡುವ ಪೆಟ್ಟಿಗೆಯೇ ಸರಿ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಒಳಗೆ ಸ್ಪಂಜಿನ ಹಾಳೆ ಅಂಟಿಸಿ ಮುಚ್ಚಿದ ಕ್ಯಾಬಿನೆಟ್ಟುಗಳು ಕಡಿಮೆ ವ್ಯಾಟ್‌ನ ಕಂಪ್ಯೂಟರಿಗೆ ಒಪ್ಪಬಹುದು. 250 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡಿಗೆ ಅವು ಹೊರೆ.

ಹಂತ 3: ಕ್ಯಾಬಿನೆಟ್, ಕೂಲರ್, ಎಸ್‌ಎಂಪಿಎಸ್

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಸಣ್ಣ ಕಣ್ಣಿನ ಜಾಲರಿಯದಾಗಿರಲಿ, ಎರಡು ಅಥವಾ ಮೂರು 140 ಮಿಲಿಮೀಟರ್ ಫ್ಯಾನಿಗೆ ಜಾಗವಿರಲಿ, ಗ್ರಾಫಿಕ್ಸ್ ಕಾರ್ಡಿನ ಉದ್ದಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚು ಅವಕಾಶವಿರಲಿ, ಕೂಲರಿಗೆ 165 ಮಿಲಿಮೀಟರ್ ಎತ್ತರ ಸಿಗಲಿ. ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಹೆಚ್ಚಿನವರಿಗೆ ಸಾಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಧೂಳು ಒಳಗೆ ಎಳೆಯಲ್ಪಡುವುದಿಲ್ಲ. ಆರ್ಕ್ಟಿಕ್ ಕಂಪನಿಯ ಪಿ12, ಪಿ14 ಫ್ಯಾನುಗಳು ಕೈಗೆಟಕುವ ಬೆಲೆಯಲ್ಲಿ ಒಳ್ಳೆಯವು. ನಾಕ್ಟುವಾ ಫ್ಯಾನುಗಳು ಇನ್ನೂ ಮೆದು, ಬೆಲೆಯೂ ಹಾಗೆಯೇ. ಯಾವುದೇ ತೆಗೆದುಕೊಂಡರೂ ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ (ಸಂಕೇತದ ಮೂಲಕ ವೇಗ ಹೊಂದಿಸುವ) ಮಾದರಿಯಾಗಿರಬೇಕು, ಇಲ್ಲವಾದರೆ ವೇಗವನ್ನು ಕೆಳಮಟ್ಟದಲ್ಲಿ ನಿಖರವಾಗಿ ನಿಲ್ಲಿಸುವುದು ಕಷ್ಟ.

ಪ್ರೊಸೆಸರಿಗೆ ನೀರಿನ ಕೂಲರ್ ಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಮೇಲೆ ಹೇಳಿದ ಪ್ರೊಸೆಸರುಗಳಿಗೆ ಬೇಡ. ನೀರಿನ ಕೂಲರಿನ ಪಂಪು ಕಂಪ್ಯೂಟರ್ ಸುಮ್ಮನಿದ್ದಾಗಲೂ ಓಡುತ್ತಲೇ ಇರುವುದರಿಂದ, ಬರೆಯುವಾಗ, ಓದುವಾಗ, ಕೋಣೆಯಲ್ಲಿ ಬೇರೇನೂ ಸದ್ದಿಲ್ಲದಾಗ, ಅದೊಂದೇ ಕಿವಿಗೆ ಬೀಳುತ್ತದೆ. ಪಂಪು ಕೆಟ್ಟರೆ ಬದಲಿ ಭಾಗ ಬರುವವರೆಗೆ ಕಂಪ್ಯೂಟರ್ ಮೂಲೆ ಸೇರುತ್ತದೆ. ಕೊಪ್ಪದಲ್ಲೋ ಆಲೂರಿನಲ್ಲೋ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಎರಡು ಗೋಪುರದ ಗಾಳಿ ಕೂಲರಿನಲ್ಲಿ ಕೆಡುವ ಭಾಗವೆಂದರೆ ಫ್ಯಾನ್ ಒಂದೇ, ಅದು ಎಲ್ಲಿಯೂ ಸಿಗುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಡೀಪ್‌ಕೂಲ್ ಎಕೆ620 ಈ ಬಗೆಯ ಹೆಸರಾಂತ ಕೂಲರುಗಳು.

ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಮಾಡಿ ಕೊಡುವ ಎಸ್‌ಎಂಪಿಎಸ್ ವಿಚಾರದಲ್ಲಿ ಜಿಪುಣತನ ಬೇಡ. ಆಟದ ವೇಳೆ 250 ವ್ಯಾಟ್ ಗ್ರಾಫಿಕ್ಸ್ ಕಾರ್ಡು, 70 ವ್ಯಾಟ್ ಪ್ರೊಸೆಸರ್, ಉಳಿದದ್ದಕ್ಕೆ 50 ವ್ಯಾಟ್ ಎಂದು ಹಿಡಿದರೆ ಒಟ್ಟು 370 ವ್ಯಾಟ್ ಆಗುತ್ತದೆ. ಇದಕ್ಕೆ 750 ವ್ಯಾಟ್‌ನ, 80 ಪ್ಲಸ್ ಗೋಲ್ಡ್ ದಕ್ಷತಾ ದರ್ಜೆಯ ಎಸ್‌ಎಂಪಿಎಸ್ ಹಾಕಿದರೆ ಅದು ಅರ್ಧ ಭಾರದಲ್ಲಿ, ಅಂದರೆ ಅತ್ಯಂತ ದಕ್ಷವಾಗಿರುವ ಮಟ್ಟದಲ್ಲಿ, ನಡೆಯುತ್ತದೆ. ಅದರೊಳಗಿನ ಫ್ಯಾನಿಗೂ ಹೆಚ್ಚಿನ ಕೆಲಸ ಬೀಳುವುದಿಲ್ಲ. ಕಡಿಮೆ ಭಾರದಲ್ಲಿ ಫ್ಯಾನನ್ನೇ ನಿಲ್ಲಿಸುವ ಮಾದರಿಗಳು ಸಿಗುತ್ತವೆ, ಅವನ್ನೇ ಆರಿಸಿ.

ಉಳಿದದ್ದನ್ನು ಬೇಗ ಮುಗಿಸೋಣ. 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಕಡ್ಡಿಗಳು, 6000 ವೇಗದವು. ಎಎಂ5 ಸಾಕೆಟ್ಟಿನ (ಮೇಲೆ ಹೇಳಿದ ರೈಜನ್ ಪ್ರೊಸೆಸರುಗಳು ಕೂರುವಂಥ) ಬಿ650 ಮದರ್‌ಬೋರ್ಡು, ಫ್ಯಾನ್ ಹೆಡರುಗಳು (ಫ್ಯಾನಿನ ತಂತಿ ಸಿಕ್ಕಿಸುವ ಜಾಗಗಳು) ಕನಿಷ್ಠ ನಾಲ್ಕಾದರೂ ಇರುವಂಥದ್ದು. 1 ಅಥವಾ 2 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡ್ರೈವ್). ಹಳೆಯ ಹಾರ್ಡ್ ಡಿಸ್ಕನ್ನು ಒಳಗೆ ಹಾಕಬೇಡಿ. ಅದರ ಗುಂಯ್‌ಗುಡುವಿಕೆ ಮತ್ತು ಕಂಪನ ತಗಡಿನ ಮೂಲಕ ಇಡೀ ಕ್ಯಾಬಿನೆಟ್ಟಿಗೆ ಹರಡುತ್ತದೆ. ಫೋಟೊ, ಸಿನಿಮಾ ಇತ್ಯಾದಿಗಳನ್ನು ಹೊರಗಿನ ಡ್ರೈವಿನಲ್ಲಿ ಇಟ್ಟುಕೊಂಡು ಬೇಕಾದಾಗ ಮಾತ್ರ ಜೋಡಿಸಿದರೆ ಸಾಕು.

ಈ ಭಾಗಗಳೆಲ್ಲ ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಒಟ್ಟಿಗೆ ಸಿಗುವುದು ಕಷ್ಟ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಒಮ್ಮೆ ಹೋಗಿಬರುವುದು ಅಥವಾ ಆನ್‌ಲೈನಿನಲ್ಲಿ ತರಿಸುವುದು ವಾಡಿಕೆ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ.

ಹಂತ 4: ಇಲ್ಲಿನ ಹವೆಗೆ ಹೊಂದಿಸುವುದು

ಚಿಕ್ಕಮಗಳೂರು ಪಟ್ಟಣ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ತುಸು ಎತ್ತರದಲ್ಲಿದೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯಾದ್ದರಿಂದ ಅದೇ ವೇಗದ ಫ್ಯಾನ್ ಅಷ್ಟರಮಟ್ಟಿಗೆ ಕಡಿಮೆ ಶಾಖ ಸಾಗಿಸುತ್ತದೆ. ಆದರೆ ಕೋಣೆಯ ಉಷ್ಣತೆಯೇ ಇಲ್ಲಿ ಕಡಿಮೆ ಇರುವುದರಿಂದ ಒಟ್ಟು ಲೆಕ್ಕದಲ್ಲಿ ಲಾಭ ನಮ್ಮದೇ. ಮಂಗಳೂರಿನವರು ಆಟ ಆಡುವಾಗ ಒಪ್ಪಿಕೊಳ್ಳಲೇಬೇಕಾದ ಫ್ಯಾನ್ ವೇಗವನ್ನು ನಾವು ಒಪ್ಪಿಕೊಳ್ಳಬೇಕಾಗಿಲ್ಲ.

ತೊಂದರೆ ಕೊಡುವುದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಯೊಳಗೆ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವಾಗ ವಾರಗಟ್ಟಲೆ ಬಳಸದೆ ಆರಿಸಿಟ್ಟ ಕಂಪ್ಯೂಟರ್ ಮಾತ್ರ ಹೊರತಾಗಿ ಉಳಿಯುವುದಿಲ್ಲ. ಕನೆಕ್ಟರುಗಳಲ್ಲಿ ಕಿಲುಬು ಹತ್ತುವುದು, ತೇವ ಕುಡಿದ ಧೂಳು ಮದರ್‌ಬೋರ್ಡಿನ ಮೇಲೆ ಪದರವಾಗಿ ಕೂರುವುದು ಇದರಿಂದಲೇ. ಬಳಕೆ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಅದನ್ನು ಚಾಲೂ ಮಾಡಿಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಬಹಳ ದಿನ ಊರಿಗೆ ಹೋಗುವುದಿದ್ದರೆ ಪ್ಲಗ್ ಕಿತ್ತು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬಹುದು. ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಶ್ಚಿಮದ ಗೋಡೆಗೆ, ಕ್ಯಾಬಿನೆಟ್ ತಾಗಿಸಿ ಇಡಬೇಡಿ.

ಮಳೆಗಾಲದ ಮೊದಲ ದಿನಗಳಲ್ಲಿ ರೆಕ್ಕೆ ಗೆದ್ದಲು ದೀಪಕ್ಕೆ ಮುಗಿಬೀಳುತ್ತವೆ, ಚಳಿಗಾಲದಲ್ಲಿ ಹಲ್ಲಿ ಬೆಚ್ಚನೆಯ ಜಾಗ ಹುಡುಕಿಕೊಂಡು ಎಸ್‌ಎಂಪಿಎಸ್ ಕಡೆಗೆ ಬರುತ್ತದೆ. ಹಿಂಬದಿಯ ಖಾಲಿ ಸ್ಲಾಟುಗಳ ಪಟ್ಟಿಗಳನ್ನು ತೆಗೆದು ಹಾಗೆಯೇ ಬಿಟ್ಟಿದ್ದರೆ ಮುಚ್ಚಿ; ಹಿಂದಿನ ಫ್ಯಾನಿಗೂ ಅಗಲ ಕಣ್ಣಿನ ಜಾಲರಿಯೊಂದನ್ನು ಹಾಕಿ. ಕಡೂರು, ಅರಸೀಕೆರೆಯಂಥ ಬಯಲುಸೀಮೆಯ ಕಡೆ ತೇವಕ್ಕಿಂತ ಧೂಳಿನದೇ ಕಾಟ, ಕಾಫಿ ತೋಟದ ಮನೆಗಳಲ್ಲಿಯೂ ಡಿಸೆಂಬರ್‌ನಿಂದ ಕಣದಲ್ಲಿ ಹಣ್ಣು ಒಣಗಿಸುವ ದಿನಗಳಲ್ಲಿ ಹೊಟ್ಟಿನ ಧೂಳು ಏಳುತ್ತದೆ. ಅಂಥ ಕಾಲದಲ್ಲಿ ಎರಡು ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ, ಫಿಲ್ಟರ್ ತೆಗೆದು ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ನಿಧಾನದ ಫ್ಯಾನಿಗೆ ಒತ್ತಡ ಕಡಿಮೆ ಎಂದು ಹಿಂದೆ ಹೇಳಿದ್ದು ಇಲ್ಲಿಯೇ ಅನುಭವಕ್ಕೆ ಬರುತ್ತದೆ: ಫಿಲ್ಟರ್ ತೊಳೆದ ದಿನ ಉಷ್ಣತೆ ಥಟ್ಟನೆ ಇಳಿಯುತ್ತದೆ.

ಹಂತ 5: ಕರೆಂಟು, ಯುಪಿಎಸ್, ಸಿಡಿಲು

ಭಾಗಗಳು ಬರುವ ಮೊದಲೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದು, ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಇದರ ಲಕ್ಷಣ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು.

ಒಳ್ಳೆಯ ಎಸ್‌ಎಂಪಿಎಸ್‌ಗಳು ಹಲವು 100ರಿಂದ 240 ವೋಲ್ಟ್‌ವರೆಗೆ ಒಪ್ಪಿಕೊಳ್ಳುತ್ತವೆ, ಅದರ ಪಟ್ಟಿಯ ಮೇಲೆ ಹಾಗೆ ಬರೆದಿದ್ದರೆ ಕಂಪ್ಯೂಟರಿಗೆಂದೇ ಬೇರೆ ಸ್ಟೆಬಿಲೈಸರ್ ತರಬೇಕಾಗಿಲ್ಲ. ಯುಪಿಎಸ್ ಮಾತ್ರ ಬೇಕೇ ಬೇಕು. ಲೈನ್ ಇಂಟರ್‌ಆಕ್ಟಿವ್ (ವೋಲ್ಟೇಜಿನ ಏರಿಳಿತವನ್ನು ತಾನೇ ತಿದ್ದುವ) ಬಗೆಯ, ಶುದ್ಧ ಸೈನ್ ತರಂಗ ಕೊಡುವ ಯುಪಿಎಸ್ ತೆಗೆದುಕೊಳ್ಳಿ. ಚೌಕ ತರಂಗದ ಅಗ್ಗದ ಯುಪಿಎಸ್‌ಗಳ ಮೇಲೆ ಈಗಿನ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ವ್ಯವಸ್ಥೆ) ಇರುವ ಎಸ್‌ಎಂಪಿಎಸ್‌ಗಳು ಕರೆಂಟು ಹೋದ ಕ್ಷಣದಲ್ಲಿ ಆರಿಹೋಗುವುದುಂಟು. ಮಾನಿಟರೂ ಸೇರಿ 410 ವ್ಯಾಟ್ ಭಾರಕ್ಕೆ 600 ವ್ಯಾಟ್‌ಗಿಂತ ಹೆಚ್ಚು ಹೊರುವ ಯುಪಿಎಸ್ ನೆಮ್ಮದಿ ಕೊಡುತ್ತದೆ. ವಿಎ ಸಂಖ್ಯೆಯನ್ನಲ್ಲ, ವ್ಯಾಟ್ ಸಂಖ್ಯೆಯನ್ನು ನೋಡಿ. ಆನ್‌ಲೈನ್ ಬಗೆಯ (ಸದಾ ತನ್ನ ಇನ್ವರ್ಟರಿನ ಮೂಲಕವೇ ವಿದ್ಯುತ್ ಕೊಡುವ) ಯುಪಿಎಸ್ ವಿದ್ಯುತ್ ಗುಣಮಟ್ಟದಲ್ಲಿ ಮೇಲಾದರೂ ಅದರ ಫ್ಯಾನ್ ಸದಾ ಓಡುತ್ತಿರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಸದ್ದು ಇಳಿಸಿದ ಕೋಣೆಯಲ್ಲಿ ಅದನ್ನು ಇಡುವುದು ತರವಲ್ಲ. ಮನೆಯ ಇನ್ವರ್ಟರನ್ನೇ ನೆಚ್ಚಿಕೊಳ್ಳುವವರು ಅದು ಸೈನ್ ತರಂಗದ್ದೇ ಎಂದು ಖಚಿತಪಡಿಸಿಕೊಂಡು, ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿಡಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸರ್ಜ್ ಪ್ರೊಟೆಕ್ಟರನ್ನು ನಂಬಿ ಕೂರಬೇಡಿ. ಮೋಡ ಕಟ್ಟಿದೊಡನೆ ಕಂಪ್ಯೂಟರಿನ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ತಂತಿ ವಿದ್ಯುತ್ತನ್ನು ಹರಿಸುವುದಿಲ್ಲ ನಿಜ, ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಸಾಕೆಟ್ಟಿಗೇ ಸಿಕ್ಕಿರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು.

ಹಂತ 6: ಜೋಡಣೆ

ಹಗಲಿನ ಬೆಳಕಿನಲ್ಲಿ, ಮರದ ಮೇಜಿನ ಮೇಲೆ ಕೆಲಸಕ್ಕೆ ಕೂರಿ. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ತು ಸೇರುವುದರಿಂದ ಉಣ್ಣೆಯ ಸ್ವೆಟರ್ ಬಿಚ್ಚಿಟ್ಟು, ಆಗಾಗ ಎಸ್‌ಎಂಪಿಎಸ್‌ನ ಲೋಹದ ಮೈಯನ್ನು ಮುಟ್ಟಿಕೊಳ್ಳಿ. ಎಎಂ5 ಸಾಕೆಟ್ಟಿನಲ್ಲಿ 1718 ಸೂಕ್ಷ್ಮ ಪಿನ್ನುಗಳು ಮದರ್‌ಬೋರ್ಡಿನಲ್ಲಿಯೇ ಇರುತ್ತವೆ. ಅವಕ್ಕೆ ಬೆರಳು ತಾಗಿಸದೆ, ತ್ರಿಕೋನದ ಗುರುತು ನೋಡಿಕೊಂಡು ಪ್ರೊಸೆಸರನ್ನು ಇಳಿಸಿ, ಸನ್ನೆ ಒತ್ತಿ ಮುಚ್ಚಿ. ರ‍್ಯಾಮ್ ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹೋಗಬೇಕು. ಎಸ್‌ಎಸ್‌ಡಿಯ ಹೀಟ್‌ಸಿಂಕಿನಡಿಯ ಪ್ಲಾಸ್ಟಿಕ್ ಹಾಳೆಯನ್ನೂ, ಕೂಲರಿನ ತಳದ ಹಾಳೆಯನ್ನೂ ಕೀಳಲು ಮರೆಯಬಾರದು. ಥರ್ಮಲ್ ಪೇಸ್ಟ್ ಕಡಲೆಕಾಳಿನಷ್ಟು ಸಾಕು. ಕೂಲರಿನ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬನ್ನಿ.

ಕ್ಯಾಬಿನೆಟ್ಟಿನ ಹಿತ್ತಾಳೆ ಸ್ಟ್ಯಾಂಡಾಫ್‌ಗಳು (ಬೋರ್ಡನ್ನು ತಗಡಿನಿಂದ ಮೇಲೆತ್ತಿ ಹಿಡಿಯುವ ಗುಬುಟುಗಳು) ಮದರ್‌ಬೋರ್ಡಿನ ತೂತುಗಳ ಕೆಳಗೆ ಮಾತ್ರ ಇವೆಯೇ ಎಂದು ನೋಡಿ. ಫ್ಯಾನುಗಳನ್ನು ಸ್ಕ್ರೂ ಬದಲು ರಬ್ಬರ್ ಮೊಳೆಗಳಿಂದ ಕಟ್ಟಿದರೆ ಕಂಪನ ತಗಡಿಗೆ ದಾಟುವುದಿಲ್ಲ. ಕೇಬಲುಗಳನ್ನು ಹಿಂಬದಿಗೆ ಸರಿಸಿ ಕಟ್ಟಿ, ಯಾವ ತಂತಿಯೂ ಫ್ಯಾನಿನ ಎಲೆಗೆ ತಾಗದಂತೆ ನೋಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡಿನ ಹೊಸ 16 ಪಿನ್ನಿನ ಕನೆಕ್ಟರ್ ಸಂದಿಲ್ಲದಂತೆ ಪೂರ್ತಿ ಒಳಗೆ ಕೂರಬೇಕು, ಅದರ ಬಾಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರದವರೆಗೆ ತಂತಿಯನ್ನು ಮಡಿಸಬಾರದು. ಇದು ಸಡಿಲವಾಗಿದ್ದರೆ ಬಿಸಿಯೇರಿ ಕರಗುವ ಅಪಾಯವಿದೆ. ಭಾರದ ಕಾರ್ಡಿಗೆ ಕೆಳಗಿನಿಂದ ಊರುಗೋಲು ಕೊಡಿ.

ಮೊದಲ ಸಲ ಚಾಲೂ ಮಾಡಿದಾಗ ಎಎಂ5 ಮದರ್‌ಬೋರ್ಡುಗಳು ರ‍್ಯಾಮನ್ನು ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಪರದೆ ಅಷ್ಟು ಹೊತ್ತು ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಆರಿಸಬೇಡಿ, ಕಾಯಿರಿ. ನಂತರ ಬಯೋಸ್‌ಗೆ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟಕ್ಕೆ) ಹೋಗಿ ರ‍್ಯಾಮನ್ನು ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಸೆಟ್ಟಿಂಗ್ ಚಾಲೂ ಮಾಡಿ, ಬಯೋಸನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಿ. ಆ ಕೆಲಸ ಮಾಡುವಾಗ ಯುಪಿಎಸ್ ತುಂಬಿರಲಿ.

ಹಂತ 7: ಸದ್ದು ಇಳಿಸುವ ಕೆಲಸ

ಇಲ್ಲಿಯವರೆಗೆ ಕಟ್ಟಿದ ಕಂಪ್ಯೂಟರ್ ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಇನ್ನೂ ಸದ್ದು ಮಾಡುತ್ತಲೇ ಇರುತ್ತದೆ. ತಯಾರಕರು ಎಂಥ ಸೆಕೆಯಲ್ಲೂ, ಎಂಥ ದುರ್ಬಲ ಚಿಪ್ಪಿನಲ್ಲೂ ನಡೆಯಲೆಂದು ವೋಲ್ಟೇಜನ್ನೂ ಫ್ಯಾನ್ ವೇಗವನ್ನೂ ಧಾರಾಳವಾಗಿ ಇಟ್ಟಿರುತ್ತಾರೆ. ಆ ಧಾರಾಳವನ್ನು ಹಿಂತೆಗೆದುಕೊಳ್ಳುವುದೇ ಈ ಹಂತದ ಕೆಲಸ, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮೊದಲು ಗ್ರಾಫಿಕ್ಸ್ ಕಾರ್ಡು. ಎನ್ವಿಡಿಯಾ ಕಾರ್ಡಾದರೆ ಎಂಎಸ್‌ಐ ಆಫ್ಟರ್‌ಬರ್ನರ್, ಎಎಂಡಿ ಕಾರ್ಡಾದರೆ ಅದರದೇ ಅಡ್ರಿನಲಿನ್ ತಂತ್ರಾಂಶದಲ್ಲಿ ವಿದ್ಯುತ್ ಮಿತಿಯನ್ನು ಶೇ. 80–85ಕ್ಕೆ ಇಳಿಸಿ. ಆಟದ ವೇಗ ಇಳಿಯುವುದು ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ. ಇನ್ನೂ ಆಸಕ್ತಿಯಿದ್ದವರು ವೋಲ್ಟೇಜನ್ನೇ ಹಂತ ಹಂತವಾಗಿ ಇಳಿಸುತ್ತ, ಪ್ರತಿ ಹಂತದಲ್ಲೂ ಭಾರವಾದ ಆಟವೊಂದನ್ನು ಅರ್ಧ ಗಂಟೆ ಆಡಿ ನೋಡಿ, ಆಟ ಕುಸಿದು ಮುಚ್ಚಿಕೊಂಡರೆ ಒಂದು ಹಂತ ಹಿಂದಕ್ಕೆ ಬರಬಹುದು. ಪ್ರೊಸೆಸರಿಗೆ ಬಯೋಸ್‌ನಲ್ಲಿ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರಿನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 15ರಿಂದ ಆರಂಭಿಸಿ.

ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಬರೆಯುವ ಚಿತ್ರಗಳ ಮಿತಿಯನ್ನು, ಮರೆಯಬೇಡಿ. 144 ಹರ್ಟ್ಜ್ ಪರದೆಗೆ 141 ಫ್ರೇಮಿನ ಮಿತಿ ಹಾಕಿದರೆ ಕಣ್ಣಿಗೆ ಕಾಣದ ಫ್ರೇಮುಗಳನ್ನು ಬರೆಯುವ ದುಡಿಮೆ ತಪ್ಪುತ್ತದೆ. ಕೆಲವು ಕಾರ್ಡುಗಳಿಂದ ಬರುವ ‘ಕೀಂ’ ಎನ್ನುವ ಸೂಕ್ಷ್ಮ ಕಿರುಚು ಫ್ಯಾನಿನದಲ್ಲ, ಒಳಗಿನ ಸುರುಳಿಗಳು ಕಂಪಿಸುವುದರಿಂದ ಹುಟ್ಟುವಂಥದ್ದು. ಆಟದ ಮೆನುವಿನಲ್ಲಿ ಸೆಕೆಂಡಿಗೆ ನೂರಾರು ಫ್ರೇಮ್ ಓಡುವಾಗ ಅದು ಅತಿ ಜೋರು. ಮಿತಿ ಹಾಕಿದರೆ ಬಹುಮಟ್ಟಿಗೆ ತಗ್ಗುತ್ತದೆ.

ಕೊನೆಗೆ ಫ್ಯಾನುಗಳು. ಬಯೋಸ್ ಸಾಮಾನ್ಯವಾಗಿ ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟಿಹಾಕಿರುತ್ತದೆ. ಬ್ರೌಸರಿನ ಒಂದು ಪುಟ ತೆರೆದರೂ ಪ್ರೊಸೆಸರಿನ ಉಷ್ಣತೆ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಜಿಗಿದು ಇಳಿಯುವುದರಿಂದ ಫ್ಯಾನುಗಳೂ ಜೊತೆಯಲ್ಲೇ ಏರಿಳಿಯುತ್ತವೆ, ಈ ಏರಿಳಿತವೇ ಕಿವಿಗೆ ಎಲ್ಲಕ್ಕಿಂತ ಕಿರಿಕಿರಿ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಕ್ಯಾಬಿನೆಟ್ ಫ್ಯಾನುಗಳನ್ನು ಗ್ರಾಫಿಕ್ಸ್ ಕಾರ್ಡಿನ ಉಷ್ಣತೆಗೆ ಹೊಂದಿಸಿ, ಏರುವುದಕ್ಕೂ ಇಳಿಯುವುದಕ್ಕೂ ಹಲವು ಸೆಕೆಂಡುಗಳ ವಿಳಂಬ ಕೊಡಿ. ಗ್ರಾಫಿಕ್ಸ್ ಕಾರ್ಡು 50 ಡಿಗ್ರಿಗಿಂತ ಕೆಳಗಿದ್ದಾಗ ನಿಮಿಷಕ್ಕೆ 450–500 ಸುತ್ತು, 70 ಡಿಗ್ರಿಯ ಹೊತ್ತಿಗೆ 800–900 ಸುತ್ತು ಎಂಬುದು ಒಳ್ಳೆಯ ಆರಂಭ. ಸುಮ್ಮನಿರುವಾಗ ಕ್ಯಾಬಿನೆಟ್ ಫ್ಯಾನುಗಳನ್ನು ಪೂರ್ತಿ ನಿಲ್ಲಿಸುವುದು ಬೇಡ. ಅವು ಮೆಲ್ಲನೆ ತಿರುಗುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ತಣ್ಣಗಿದ್ದು ಅದರ ಸ್ವಂತ ಫ್ಯಾನುಗಳು ನಿಂತೇ ಇರುತ್ತವೆ.

ಆಮೇಲೆ ಕಿವಿಯ ಪರೀಕ್ಷೆ. ಮೊಬೈಲಿನ ಡೆಸಿಬೆಲ್ ಆ್ಯಪ್‌ಗಳನ್ನು ಇಷ್ಟು ಕೆಳಮಟ್ಟದ ಸದ್ದಿಗೆ ನಂಬುವಂತಿಲ್ಲ. ಮಳೆ ಇಲ್ಲದ ರಾತ್ರಿಯೊಂದನ್ನು ಆರಿಸಿಕೊಳ್ಳಿ. ಹೆಂಚಿನ ಮೇಲೆ ಮಳೆ ಬೀಳುವಾಗ ಯಾವ ಕಂಪ್ಯೂಟರೂ ಸದ್ದಿಲ್ಲದ್ದೇ. ಜೀರುಂಡೆಯ ದನಿ ಬಾರದಂತೆ ಕಿಟಕಿ ಹಾಕಿ, ಫ್ರಿಜ್ ಆರಿಸಿ, ಒಂದು ಫ್ಯಾನನ್ನು ಮಾತ್ರ ಓಡಿಸಿ ಉಳಿದವನ್ನು ನಿಲ್ಲಿಸಿ. 400 ಸುತ್ತಿನಿಂದ ಹಿಡಿದು 50 ಸುತ್ತಿನಂತೆ ಮೇಲೇರಿಸುತ್ತ ಹೋಗಿ. ಬಹುಪಾಲು ವೇಗಗಳಲ್ಲಿ ಬರುವುದು ಗಾಳಿಯ ‘ಸುಯ್’ ಸದ್ದು ಮಾತ್ರ, ಅದು ಕಿವಿಗೆ ಒಗ್ಗುತ್ತದೆ. ಆದರೆ ಯಾವುದೋ ಒಂದು ವೇಗದಲ್ಲಿ, ಉದಾಹರಣೆಗೆ 650ರ ಆಸುಪಾಸಿನಲ್ಲಿ, ಇದ್ದಕ್ಕಿದ್ದಂತೆ ‘ಹೂಂ’ ಎಂಬ ಸ್ವರವೊಂದು ಏಳುತ್ತದೆ, 700 ದಾಟಿದೊಡನೆ ಮಾಯವಾಗುತ್ತದೆ. ಕ್ಯಾಬಿನೆಟ್ಟಿನ ಯಾವುದೋ ತಗಡು ಆ ವೇಗಕ್ಕೆ ದನಿಗೂಡಿಸುತ್ತಿರುತ್ತದೆ. ಪಕ್ಕದ ಬಾಗಿಲಿಗೆ ಅಂಗೈ ಒತ್ತಿ ನೋಡಿ. ಸ್ವರ ನಿಂತರೆ ಅಲ್ಲೊಂದು ರಬ್ಬರ್ ಪಟ್ಟಿ ಅಂಟಿಸಿ, ನಿಲ್ಲದಿದ್ದರೆ ಆ ವೇಗದಲ್ಲಿ ಫ್ಯಾನ್ ನಿಲ್ಲದೆ ಹಾರಿ ಮುಂದೆ ಹೋಗುವಂತೆ ಫ್ಯಾನ್ ಕಂಟ್ರೋಲ್‌ನಲ್ಲಿ ಉಷ್ಣತೆಗೆ ತಕ್ಕ ವೇಗದ ರೇಖೆಯನ್ನು ತಿದ್ದಿ. ಪ್ರತಿ ಫ್ಯಾನಿಗೂ ಹೀಗೆ ಮಾಡಬೇಕು. ಒಂದು ಸಂಜೆಯ ಕೆಲಸ, ಆದರೆ ಬಿಡಬಾರದ ಕೆಲಸ.

ಆಟದ ಅರ್ಧ ಗಂಟೆಯ ನಂತರ ಗ್ರಾಫಿಕ್ಸ್ ಕಾರ್ಡ್ 70–75 ಡಿಗ್ರಿ, ಪ್ರೊಸೆಸರ್ 80 ಡಿಗ್ರಿಯ ಒಳಗಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಅದಕ್ಕಿಂತ ತಣ್ಣಗಿರಲೆಂದು ಫ್ಯಾನ್ ಏರಿಸುವುದರಿಂದ ಸಿಗುವುದೇನೂ ಇಲ್ಲ.

ಹಂತ 8: ಇಡುವ ಜಾಗ

ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಕಿವಿಯ ಪಕ್ಕದಲ್ಲಿಡದೆ ಕೆಳಗೆ, ನೆಲದಿಂದ ಅರ್ಧ ಅಡಿ ಎತ್ತರದ ಮಣೆಯ ಮೇಲಿಡಿ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯೊಳಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಹಿಂದೆ ಗೋಡೆಗೆ ಮುಕ್ಕಾಲು ಅಡಿಯಾದರೂ ಅಂತರವಿರಲಿ. ಹಲಗೆ ಹಾಸಿದ ಹಳೆಯ ಮಹಡಿಗಳಲ್ಲಿ ಕಂಪನ ಕೆಳಗಿನ ಕೋಣೆಗೂ ಇಳಿಯುವುದರಿಂದ ಮಣೆಯಡಿ ದಪ್ಪ ರಬ್ಬರ್ ತುಂಡುಗಳನ್ನು ಕೊಡಿ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆಯ ಕೋಣೆ ಸದ್ದನ್ನು ಹಿಂದಿರುಗಿಸುತ್ತದೆ, ಒಂದು ಜಮಖಾನ ಮತ್ತು ಕಿಟಕಿಯ ದಪ್ಪ ಪರದೆಯಿಂದ ವ್ಯತ್ಯಾಸ ತಿಳಿಯುತ್ತದೆ. ಮೇಜಿನ ಮುಚ್ಚಿದ ಕಪಾಟಿನೊಳಗೆ ಮಾತ್ರ ಇಡಬೇಡಿ, ಬಿಸಿಗಾಳಿ ಅಲ್ಲೇ ಸುತ್ತಿ ಮತ್ತೆ ಒಳಗೆ ಹೋಗುತ್ತದೆ.

ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಕಂಪ್ಯೂಟರನ್ನು ಸಾಗಿಸುವವರು ಕಾರಿನ ಹಿಂದಿನ ಸೀಟಿನಲ್ಲಿ, ಮದರ್‌ಬೋರ್ಡ್ ಅಡ್ಡ ಮಲಗುವಂತೆ ಇಟ್ಟು ಒಯ್ಯಬೇಕು. ಹೊರಡುವ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಮೂಲ ಪೆಟ್ಟಿಗೆಗೆ ಹಾಕಿ. ಒಂದೂವರೆ ಎರಡು ಕಿಲೋ ತೂಗುವ ಕಾರ್ಡ್ ತಿರುವು, ಗುಂಡಿಗಳಲ್ಲಿ ಜೋಲಾಡಿದರೆ ಮದರ್‌ಬೋರ್ಡಿನ ಸ್ಲಾಟೇ ಕಿತ್ತುಬರಬಹುದು. ಎರಡು ಗೋಪುರದ ಕೂಲರಿಗೂ ಇದೇ ಎಚ್ಚರಿಕೆ ಬೇಕು: ಹತ್ತಿರದ ಪ್ರಯಾಣಕ್ಕೆ ಸುತ್ತ ಬಟ್ಟೆ ತುರುಕಿದರೆ ಸಾಕು, ಕೊರಿಯರಿನಲ್ಲಿ ಕಳುಹಿಸುವುದಾದರೆ ಬಿಚ್ಚಲೇಬೇಕು. ಮತ್ತೆ ಕೂರಿಸುವಾಗ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಚ್ಚಿ.